ಅಮೀನ ಚೆಲುವಯ್ಯ ಮದುವೆಗೆ ಕರೆದದ್ದು

ನಂಜನಗೂಡಿನ ಕೋರ್ಟಿನ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದು ಕುರ್ಚಿಯ ಕಾಲು ಸರಿಯಿಲ್ಲದ್ದರಿಂದ ಅದನ್ನು ವಕೀಲರಿಗೆಂದು ಮೀಸಲಿಟ್ಟಿದ್ದೇನೆ. ಅವರು ಹೆಚ್ಚು ಹೊತ್ತು ಕೂರುವುದಿಲ್ಲ, ನನ್ನ ಕೆಲಸ ಬೇಗ ಸಾಗುತ್ತದೆ.

ನಾನು ಕಾನೂನು ಓದಿದವಳಲ್ಲ. ಆದರೆ ಇಷ್ಟು ವರ್ಷ ತಾಲ್ಲೂಕಿನ ಜಗಳಗಳನ್ನೇ ಕುಟ್ಟಿ ಕುಟ್ಟಿ, ಯಾವ ಜಗಳ ಎಷ್ಟು ಪುಟಕ್ಕೆ ಬಂದೀತೆಂದು ಮನುಷ್ಯ ಚಪ್ಪಲಿ ಬಿಡುವಾಗಲೇ ಹೇಳಬಲ್ಲೆ. ಜನರಿಗೆ ಕೋರ್ಟಿನ ಬಗ್ಗೆ ಇರುವ ತಿಳಿವಳಿಕೆ ಕಂಡರೆ ನನಗೆ ಮೈ ಉರಿಯುತ್ತದೆ. ಸಿನಿಮಾ ನೋಡಿಕೊಂಡು ಬರುತ್ತಾರೆ. ಬೆಳಿಗ್ಗೆ ಕೇಸು ಹಾಕಿದರೆ ಸಂಜೆ ಜಡ್ಜು ಸುತ್ತಿಗೆ ಕುಟ್ಟಿ ತೀರ್ಪು ಹೇಳುತ್ತಾರೆ, ಎದುರಾಳಿ ಅಲ್ಲೇ ಕುಸಿದು ಬೀಳುತ್ತಾನೆ ಎಂದುಕೊಂಡಿರುತ್ತಾರೆ. ನಮ್ಮ ಕೋರ್ಟಿನಲ್ಲಿ ಸುತ್ತಿಗೆಯೇ ಇಲ್ಲ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಅಂಥವರನ್ನು ಕೂರಿಸಿಕೊಂಡು ನಾನು ಹೇಳುವುದು ಇಷ್ಟು. ಮೊದಲು ಬಂದು ಕೇಸು ಹಾಕಿದವನು ವಾದಿ. ಯಾರ ಮೇಲೆ ಹಾಕಿದನೋ ಅವನು ಪ್ರತಿವಾದಿ. ಇದರಲ್ಲಿ ಒಳ್ಳೆಯವನು ಕೆಟ್ಟವನು ಎಂಬ ಮಾತಿಲ್ಲ, ಯಾರು ಮೊದಲು ಬಸ್ಸು ಹತ್ತಿದರು ಎಂಬುದಷ್ಟೇ. ವಾದಿ ಬರೆದುಕೊಟ್ಟ ದೂರು ದಾವೆ. ಅದನ್ನು ಓದಿದ ಕೂಡಲೇ ಜಡ್ಜು ತೀರ್ಪು ಬರೆಯುವಂತಿಲ್ಲ, ಪ್ರತಿವಾದಿಯ ಮಾತನ್ನೂ ಕೇಳಬೇಕು. ಕೇಳಬೇಕೆಂದರೆ ಅವನನ್ನು ಕರೆಯಬೇಕು. ಆ ಕರೆಗೆ ಸಮನ್ಸು ಎಂದು ಹೆಸರು. ಕರೆ ಮುಟ್ಟುವ ತನಕ ದೊಡ್ಡ ದೊಡ್ಡ ವಕೀಲರೂ, ಕಪ್ಪು ಕೋಟೂ, ಕಾನೂನಿನ ಪುಸ್ತಕಗಳೂ ಸುಮ್ಮನೆ ಕುಳಿತಿರಬೇಕಾದ್ದೇ. ಒಬ್ಬ ಮನುಷ್ಯ ಹಳ್ಳಿಗೆ ಹೋಗಿ, ಹೆಸರು ಕೇಳಿ, ಮನೆ ಹುಡುಕಿ, ಕಾಗದವನ್ನು ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು ಬರಬೇಕು.

ನಮ್ಮಲ್ಲಿ ಹಾಗೆ ಹೋಗುತ್ತಿದ್ದವರಲ್ಲಿ ಒಬ್ಬರು ಚೆಲುವಯ್ಯ. ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಗೆ ಆದೇಶ ಜಾರಿಕಾರ ಎಂಬ ಗಂಭೀರವಾದ ಹೆಸರಿದೆ. ಹಳ್ಳಿಯ ಬಾಯಲ್ಲಿ ಮಾತ್ರ ಅಮೀನ. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಕಪ್ಪು ಬ್ಯಾಗು. ಬ್ಯಾಗಿನಲ್ಲಿ ಸಮನ್ಸುಗಳು, ಒಂದು ಪೆನ್ನು, ಸಹಿ ಬಾರದವರಿಗೆ ಹೆಬ್ಬೆಟ್ಟಿನ ಶಾಯಿ, ಮತ್ತೊಂದು ಡಬ್ಬಿಯಲ್ಲಿ ಮೈದಾ ಅಂಟು.

ಅಂಟು ಯಾಕೆ ಎಂದು ಕೇಳಬೇಕು. ನಮ್ಮ ಜನ ಒಂದು ನಂಬಿಕೆ ಇಟ್ಟುಕೊಂಡಿದ್ದಾರೆ: ಕಾಗದ ಮುಟ್ಟದಿದ್ದರೆ ಕೇಸು ಅಂಟುವುದಿಲ್ಲ. ಸಿಡುಬು ಅಂಟಿದ ಹಾಗೆ ಕೇಸೂ ಕೈಯಿಂದ ಅಂಟುತ್ತದೆ ಎಂದು ತಿಳಿದಿದ್ದಾರೆ. ಹಾಗಾಗಿ ಚೆಲುವಯ್ಯ ಊರಿನ ಅರಳಿಕಟ್ಟೆ ದಾಟುವಷ್ಟರಲ್ಲಿ ಸುದ್ದಿ ಹಿತ್ತಿಲಿಂದ ಹಿತ್ತಿಲಿಗೆ ಓಡಿ, ಹುಡುಕುವ ಮನುಷ್ಯ ಹೊಲಕ್ಕೋ ಅಟ್ಟಕ್ಕೋ ಹೋಗಿಬಿಟ್ಟಿರುತ್ತಿದ್ದ. ಆದರೆ ಕಾನೂನು ಅಷ್ಟು ಪೆದ್ದಲ್ಲ. ಮನುಷ್ಯ ಸಿಗದಿದ್ದರೆ ಮನೆಯ ವಯಸ್ಕರೊಬ್ಬರ ಕೈಗೆ ಕೊಡಬಹುದು. ಅವರೂ ಬೇಡವೆಂದರೆ ನೆರೆಯವರನ್ನು ಸಾಕ್ಷಿಗೆ ನಿಲ್ಲಿಸಿ ಬಾಗಿಲಿಗೇ ಅಂಟಿಸಬಹುದು. ಅಂಟಿಸಿ, ಆದದ್ದನ್ನು ಕಾಗದದ ಹಿಂದೆ ಬರೆದು ಕೋರ್ಟಿಗೆ ತರಬೇಕು. ಆ ಬರಹಕ್ಕೆ ಷರಾ ಎನ್ನುತ್ತಾರೆ. ಕರೆದರೂ ಬಾರದವನನ್ನು ಕೋರ್ಟಿನ ಬಾಗಿಲಲ್ಲಿ ಮೂರು ಸಲ ಕೂಗಿ, ಓಗೊಡದಿದ್ದರೆ ಅವನನ್ನು ಬಿಟ್ಟೇ ಕೇಸು ನಡೆಸುತ್ತಾರೆ. ಅದು ಏಕಪಕ್ಷೀಯ. ಕೂಗುವ ಅಟೆಂಡರು ರಜೆ ಹಾಕಿದ ದಿನ ಚೆಲುವಯ್ಯನೇ ಕೂಗುತ್ತಿದ್ದರು. ಆ ತೆಳ್ಳನೆ ಮೈಯಿಂದ ಅಂಥ ಗಂಟಲು ಎಲ್ಲಿಂದ ಬರುತ್ತಿತ್ತೋ, ನನ್ನ ಅಂಗಡಿಯ ಪ್ರಿಂಟರು ಅದುರುತ್ತಿತ್ತು.

ಇಂಥ ಚೆಲುವಯ್ಯ ತಮ್ಮ ಕೆಲಸದಲ್ಲಿ ಒಂದೇ ಒಂದು ಸಲ ಎಡವಟ್ಟು ಮಾಡಿಕೊಂಡರು. ಅದು ಬಾಮೈದನ ಮನೆಯಲ್ಲಿ.

ಅವರ ಹೆಂಡತಿ ರಾಚಮ್ಮನ ತವರು ಬಿಳಿಗೆರೆ ಪಕ್ಕದ ಒಂದು ಹಳ್ಳಿ. ಅಲ್ಲಿ ರಾಚಮ್ಮನ ತಮ್ಮ ಚಿಕ್ಕಮಾದು ಬೇಸಾಯ ಮಾಡಿಕೊಂಡಿದ್ದಾನೆ. ಅವ್ವ ಬೇಗ ಹೋಗಿದ್ದರಿಂದ ಅವನನ್ನು ಕಂಕುಳಲ್ಲಿಟ್ಟು ಬೆಳೆಸಿದವಳು ರಾಚಮ್ಮನೇ. ಐದಾರು ವರ್ಷದ ಹಿಂದೆ ಪಕ್ಕದ ಹೊಲದ ಸಿದ್ದಯ್ಯ ಅವನ ಮೇಲೊಂದು ದಾವೆ ಹಾಕಿದ: ತನ್ನ ಹೊಲದ ಅಂಚಿನಲ್ಲಿ ಚಿಕ್ಕಮಾದು ಟ್ರ್ಯಾಕ್ಟರು ಓಡಿಸದಂತೆ ತಡೆಯಬೇಕು ಎಂದು. ಇಂಥ ತಡೆಗೆ ತಡೆಯಾಜ್ಞೆ ಎನ್ನುತ್ತಾರೆ. ಅದನ್ನು ಟೈಪ್ ಮಾಡಿದವಳು ನಾನೇ, ಆಗ ಇವರ ನೆಂಟಸ್ತನ ನನಗೆ ತಿಳಿದಿರಲಿಲ್ಲ.

ಸಮನ್ಸು ಚೆಲುವಯ್ಯನ ಬ್ಯಾಗಿಗೇ ಬಂತು. ಅಮೀನರಿಗೆ ಕಾಗದ ಹಂಚುವ ಅಧಿಕಾರಿಗೆ ನಾಜರ್ ಎನ್ನುತ್ತಾರೆ. ಅವರಿಗೆ ಒಂದು ಮಾತು ಹೇಳಿದ್ದರೆ ಬೇರೆ ಅಮೀನನಿಗೆ ಕೊಡುತ್ತಿದ್ದರು. ಆದರೆ ತಮ್ಮ ಬಾಮೈದನ ಬಾಗಿಲಲ್ಲಿ ಯಾರೋ ಪರಕೀಯ ನಿಂತು ಊರಿಗೆಲ್ಲ ಕೇಳುವಂತೆ ಹೆಸರು ಕೂಗುವುದು ಚೆಲುವಯ್ಯನಿಗೆ ಮರ್ಯಾದೆ ಎನಿಸಲಿಲ್ಲ. ತಾವೇ ಹೋದರು. ಚಿಕ್ಕಮಾದು ಹೊಲದಲ್ಲಿದ್ದ. ಮತ್ತೆ ಹೋದರು. ಮೈಸೂರಿಗೆ ಹೋಗಿದ್ದ. ಇನ್ನೊಮ್ಮೆ ಹೋದಾಗ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಕೆಮ್ಮು ಕೇಳಿಸಿತು, ಆದರೆ ಕೆಮ್ಮಿಗೆ ಸಮನ್ಸು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ.

ಅಷ್ಟರಲ್ಲಿ ಪಿತೃಪಕ್ಷದ ಹಬ್ಬ ಬಂತು. ಹಿರಿಯರಿಗೆ ಎಡೆ ಇಟ್ಟು ನೆಂಟರಿಷ್ಟರಿಗೆ ಮಾಂಸದೂಟ ಹಾಕುವ ದಿನ. ಚಿಕ್ಕಮಾದು ಅಕ್ಕನನ್ನೂ ಬಾವನನ್ನೂ ಕರೆದ. ಚೆಲುವಯ್ಯ ಹೋದರು. ಅಂಗಿಯ ಜೇಬಿನಲ್ಲಿ ಸಮನ್ಸೂ ಹೋಯಿತು.

ಮುಂದಿನದು ಅವರ ಬಾಯಿಂದಲೇ ನಾನು ಕೇಳಿದ್ದು. ಊಟಕ್ಕೆ ಮುಂಚೆ ಕೊಡೋಣವೆಂದರೆ ಅನ್ನಕ್ಕೆ ಅವಮಾನ. ನಡುವೆ ಕೊಡೋಣವೆಂದರೆ ಕೈ ಎಂಜಲು. ಹಾಗಾಗಿ ಮರ್ಯಾದಸ್ಥರಂತೆ ಚೆನ್ನಾಗಿ ಉಂಡು, ಸಾರು ಚೆನ್ನಾಗಿದೆ ಎಂದು ಹೇಳಿ, ಕೈ ತೊಳೆದು, ಬಾಮೈದ ಎಲೆಅಡಿಕೆ ತಟ್ಟೆ ಮುಂದಿಟ್ಟಾಗ ಅದರಿಂದ ಎರಡು ಎಲೆ ತೆಗೆದುಕೊಂಡು, ಆ ಜಾಗದಲ್ಲಿ ಸಮನ್ಸು ಇಟ್ಟರು.

"ಅಷ್ಟೂ ಜನ ನೆಂಟ್ರ ಎದ್ರಿಗೆ ಕೊಟ್ರಾ?" ಎಂದೆ.

"ಸಾಕ್ಷಿ ಬೇಕಲ್ಲವ್ವ," ಎಂದರು.

ಚಿಕ್ಕಮಾದು ಸಹಿ ಹಾಕಿದ. ಹಾಕಿ, "ಉಂಡ್ ಮನೇಲಿ ಉಂಡ್ ಕೈಲೇ ಕೊಟ್ಟಲ್ಲ ಬಾವ, ಇನ್ನು ನಿನ್ ಕೈಯಿಂದ ಒಂದ್ ಲೋಟ ನೀರೂ ಈಸ್ಕೊಳಲ್ಲ," ಎಂದ. ಅಲ್ಲಿಗೆ ಮಾತು ಬಿಟ್ಟಿತು. ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಬರುವುದು ನಿಂತಿತು. ರಾಚಮ್ಮ ತವರಿನ ದಾರಿ ತುಳಿಯಲಿಲ್ಲ. ಗಂಡನಿಗೆ ಬೈಯಲೂ ಇಲ್ಲ, ಬೈದಿದ್ದರೆ ಚೆಲುವಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

ತಮಾಷೆ ಎಂದರೆ ಆ ಸಮನ್ಸಿನಿಂದ ಚಿಕ್ಕಮಾದುವಿಗೆ ಒಳ್ಳೆಯದೇ ಆಯಿತು. ಬೇರೆ ದಾರಿಯಿಲ್ಲದೆ ವಕೀಲರನ್ನು ಹಿಡಿದು ವಕಾಲತ್ತು ಹಾಕಿಸಿದ, ಅಂದರೆ ನನ್ನ ಪರವಾಗಿ ಇವರು ಮಾತಾಡುತ್ತಾರೆ ಎಂದು ಬರೆದುಕೊಟ್ಟ. ಆ ಹೊಲದ ಅಂಚು ಅಜ್ಜನ ಕಾಲದಿಂದ ಬಂಡಿ ಹೋಗುತ್ತಿದ್ದ ದಾರಿ ಎಂದು ಊರಿನ ಹಿರಿಯರು ಸಾಕ್ಷಿ ಹೇಳಿದರು. ವಾಯಿದೆ ಮೇಲೆ ವಾಯಿದೆ ಬಿದ್ದು, ಕೊನೆಗೆ ಸಿದ್ದಯ್ಯನ ದಾವೆ ವಜಾ ಆಯಿತು. ಕೊಟ್ಟಿಗೆಯಲ್ಲೇ ಕೆಮ್ಮುತ್ತ ಕೂತಿದ್ದರೆ ಏಕಪಕ್ಷೀಯವಾಗಿ ಸೋತು, ಟ್ರ್ಯಾಕ್ಟರನ್ನು ತಲೆ ಮೇಲೆ ಹೊತ್ತು ಹೊಲಕ್ಕೆ ಹೋಗಬೇಕಾಗುತ್ತಿತ್ತು. ಇದನ್ನು ಅವನಿಗೆ ಬಿಡಿಸಿ ಹೇಳಿದವರಿದ್ದಾರೆ. ಅವನು, "ಕೇಸು ಗೆದ್ದಿದ್ದು ಬೇರೆ, ಎಲೆ ತಟ್ಟೆ ಬೇರೆ," ಎನ್ನುತ್ತಿದ್ದನಂತೆ. ನಾನಾದರೂ ಹಾಗೇ ಅನ್ನುತ್ತಿದ್ದೆ.

ಹೀಗಿರುವಾಗ ಚೆಲುವಯ್ಯನ ಮಗಳು ಪಲ್ಲವಿಗೆ ಗಂಡು ಗೊತ್ತಾಯಿತು. ಹುಡುಗ ದೀಪಕ್, ಮುಡುಕುತೊರೆಯವನು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನು. ಮದುವೆ ಟಿ. ನರಸೀಪುರದ ಛತ್ರದಲ್ಲಿ. ಲಗ್ನಪತ್ರಿಕೆ ನನ್ನ ಪ್ರಿಂಟರಿನಲ್ಲೇ ಆಯಿತು. ಕವರು ಆರಿಸಿಕೊಳ್ಳಿ ಎಂದು ಹಳದಿ, ಕೆಂಪು, ಗಣಪತಿ ಇರುವುದು, ಎಲ್ಲ ಮುಂದಿಟ್ಟೆ. ಅವರು ಎಲ್ಲವನ್ನೂ ಮುಟ್ಟಿ ನೋಡಿ ಕೊನೆಗೆ ಉದ್ದನೆಯ ಖಾಕಿ ಕವರು ಹಿಡಿದುಕೊಂಡರು.

"ಇದು ಕೋರ್ಟಿನ ಕವರು ಕಣ್ರೀ," ಎಂದೆ.

"ಗಟ್ಟಿ ಅದೆ, ಮಳೆಗೆ ಅರಿಯಲ್ಲ," ಎಂದರು.

ನಮ್ಮ ಕಡೆ ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಕರೆದಂತಲ್ಲ, ಫೋನಿನಲ್ಲಿ ಕಳಿಸಿದರಂತೂ ಬೈಗುಳ. ಮನೆಯವರು ಖುದ್ದಾಗಿ ಹೋಗಿ, ಎಲೆಅಡಿಕೆ ಅಕ್ಷತೆ ಇಟ್ಟು, ಬಾಯಿ ತುಂಬ ಕರೆಯಬೇಕು. ಚೆಲುವಯ್ಯ ಅದೇ ಬಿಳಿ ಅಂಗಿ ತೊಟ್ಟು, ಅದೇ ಕಪ್ಪು ಬ್ಯಾಗು ಹಾಕಿಕೊಂಡು, ಖಾಕಿ ಕವರುಗಳನ್ನು ತುಂಬಿಕೊಂಡು ಚಿಕ್ಕಯ್ಯನಛತ್ರ ಎಂಬ ಊರಿನ ಬಸ್ಸು ಹತ್ತಿದರು. ಆಮೇಲೆ ಏನಾಗಿರಬೇಕೆಂದು ನಿಮಗೇ ಹೊಳೆದಿರುತ್ತದೆ, ಅವರಿಗೆ ಮಾತ್ರ ಹೊಳೆದಿರಲಿಲ್ಲ.

ಬೀದಿ ಬೀದಿಯೇ ಬಾಗಿಲು ಹಾಕಿಕೊಂಡಿತು. ಜನ್ಮದಲ್ಲಿ ಕೋರ್ಟು ನೋಡದವನೂ ಸುಮ್ಮನೆ ಗುಂಪಿನಲ್ಲಿ ಓಡಿದ. ಒಬ್ಬಾಕೆ, "ಮನೇಲಿ ಗಂಡಸ್ರು ಯಾರೂ ಇಲ್ಲ," ಎನ್ನುತ್ತಿರುವಾಗ ಅಟ್ಟದಿಂದ ಗಂಡನ ಎರಡು ಕಾಲೂ ಇಳಿಬಿದ್ದಿದ್ದವು. ಚಿಕ್ಕಬಸಪ್ಪ ಎಂಬ ಯಜಮಾನರು ಜಗಲಿಯ ಮೇಲೆ ಸಿಕ್ಕಿಬಿದ್ದರು. ಓಡಲು ಮೊಣಕಾಲು ನೋವು. "ಚಿಕ್ಕಬಸಪ್ಪ ತೀರ್ಕೊಂಡು ವರ್ಸಾಯ್ತು," ಎಂದು ತಾವೇ ಹೇಳಿ ಗೋಡೆ ಕಡೆ ತಿರುಗಿ ಕುಳಿತರಂತೆ. ಚೆಲುವಯ್ಯ ಕವರನ್ನು ಅವರ ಪಕ್ಕದಲ್ಲಿಟ್ಟು ಬಂದರು.

ಮರುದಿನ ಆ ತೀರಿಕೊಂಡ ಚಿಕ್ಕಬಸಪ್ಪನವರು ಕುಂಟುತ್ತ ನನ್ನ ಅಂಗಡಿಗೆ ಬಂದರು. ಕವರು ಒಡೆದಿರಲಿಲ್ಲ. ಕರವಸ್ತ್ರದಲ್ಲಿ ಹಿಡಿದುಕೊಂಡಿದ್ದರು. "ವಸಿ ಓದವ್ವ, ಇದ್ರಲ್ಲಿ ಎಲ್ಲಾರ ನಾನು ಪ್ರತಿವಾದಿ ಅಂತ ಬರ್ದದಾ?"

ನಾನು ಒಡೆದು ಓದಿದೆ. "ಇದರಲ್ಲಿ ಪ್ರತಿವಾದಿ ಅಂತ ಇರೋದು ಮದುಮಗ ಒಬ್ಬನೇ. ನೀವು ಊಟಕ್ಕೆ ಹೋಗಿ," ಎಂದೆ. ಅವರಿಗೆ ಎಷ್ಟು ನೆಮ್ಮದಿಯಾಯಿತೆಂದರೆ ಕಾಲು ಮುರಿದ ಕುರ್ಚಿಯಲ್ಲಿ ಧೊಪ್ಪನೆ ಕುಳಿತರು.

ಊರವರ ಕಥೆ ಹಾಗಿರಲಿ. ಚೆಲುವಯ್ಯನ ಎದೆಯಲ್ಲಿ ಕುಳಿತಿದ್ದದ್ದು ಬಾಮೈದ. ಅವರ ಮನೆತನದಲ್ಲಿ ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಬರುವವನು ಸೋದರಮಾವ. ಅವನಿಲ್ಲದಿದ್ದರೆ ಬೇರೆ ಯಾರಾದರೂ ಎತ್ತಿಯಾರು, ಮದುವೆ ನಿಲ್ಲುವುದಿಲ್ಲ. ಆದರೆ ಛತ್ರ ತುಂಬ ಜನರ ಎದುರಿಗೆ ರಾಚಮ್ಮ ತವರಿಲ್ಲದವಳಂತೆ ನಿಲ್ಲಬೇಕಾಗುತ್ತದೆ. ರಾಚಮ್ಮ ತಮ್ಮನಿಗೆ ಫೋನ್ ಮಾಡಿದಳು. ಅವನು, "ಬಾವ ಬಂದು ಕರೀಲಿ," ಎಂದ. ಆ ಒಂದು ಮಾತಿಗೆ ಅವಳು ಹಬ್ಬ ಬಂದಂತೆ ಓಡಾಡಿದಳು.

ಇದಾದ ಎರಡು ದಿನಕ್ಕೆ ಚೆಲುವಯ್ಯ ನನ್ನ ಅಂಗಡಿಗೆ ಬಂದು ಕುಳಿತರು. ಬ್ಯಾಗಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಸಿದ್ದಯ್ಯ ಸೋತು ಸುಮ್ಮನಿರಲಿಲ್ಲ, ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದ. ಕೆಳಗಿನ ಕೋರ್ಟಿನ ತೀರ್ಪು ಸರಿಯಿಲ್ಲ, ಇನ್ನೊಮ್ಮೆ ನೋಡಿ ಎಂದು ಕೇಳುವುದೇ ಅಪೀಲು. ಅಪೀಲಿಗೂ ಎದುರಿನವನನ್ನು ಕರೆಯಬೇಕಲ್ಲ. ಆ ನೋಟೀಸು, ಚಿಕ್ಕಮಾದುವಿನ ಹೆಸರಿಗೆ, ಚೆಲುವಯ್ಯನ ಕೈಯಲ್ಲಿತ್ತು.

"ಒಂದ್ ಕೈಲಿ ಪತ್ರಿಕೆ, ಒಂದ್ ಕೈಲಿ ನೋಟೀಸು. ಎಂಗ್ ಓಗ್ಲಿ ನಾಗರತ್ನವ್ವ?"

"ತೆಪ್ಪಗೆ ನಾಜರಿಗೆ ವಾಪಸ್ ಕೊಡಿ. ಬೇರೆಯವರು ಹೋಗ್ತಾರೆ. ಇನ್ನೊಂದ್ಸಲ ಎಲೆ ತಟ್ಟೆ ಮುಟ್ಟಿದ್ರೆ ನಾನೇ ನಿಮ್ಮ ಮೇಲೆ ದಾವೆ ಟೈಪ್ ಮಾಡ್ತೀನಿ," ಎಂದೆ. ಅವರು ಎದ್ದು ಹೋಗಿ ನಾಜರಿಗೆ ಕೊಟ್ಟು ಬಂದರು.

ಚಿಕ್ಕಮಾದುವಿಗೆ ಪತ್ರಿಕೆ ಕೊಡಲು ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಹೋದೆ, ರಾಚಮ್ಮ ಬಿಡಲಿಲ್ಲ. ಆಟೋ ಊರೊಳಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದಿತ್ತು. ಅಪೀಲು ಹಾಕಿರುವುದನ್ನು ಸಿದ್ದಯ್ಯ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದನಂತೆ. ಅಮೀನ ಬಂದಿದ್ದಾನೆ, ಕೈಯಲ್ಲಿ ಖಾಕಿ ಕವರು. ಒಮ್ಮೆ ಊಟದ ಹೆಸರಿನಲ್ಲಿ ಸಮನ್ಸು ತಿಂದವನು ಏನೆಂದುಕೊಳ್ಳಬೇಕು? ಮದುವೆ ಪತ್ರಿಕೆಯೊಳಗೆ ಅಪೀಲಿನ ನೋಟೀಸು ಮಡಚಿಟ್ಟಿದ್ದಾನೆ ಎಂದುಕೊಂಡ ಚಿಕ್ಕಮಾದು ಹಿತ್ತಿಲ ಬಾಗಿಲಿಂದ ಹೊಲಕ್ಕೆ ಹೋಗಿಬಿಟ್ಟಿದ್ದ.

ಮುಂಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯಲ್ಲಿ ಅವನ ಹೆಂಡತಿ ಕೆಂಪಾಜಮ್ಮನ ಮುಖ ಕಾಣಿಸಿತು. ಕಣ್ಣಲ್ಲಿ ನೀರು.

"ಬಾಗ್ಲು ತಗೀಬೇಡ ಅಂದ್ಬುಟ್ಟವ್ರೆ ಅತ್ಗೆ. ಯಾವ್ ಕಾಗ್ದಾನೂ ಮುಟ್ಬೇಡ ಅಂದವ್ರೆ. ಕೂತ್ಕಳಿ, ಕಾಫಿ ಕೊಡ್ತೀನಿ."

ಕಾಫಿ ಕಿಟಕಿಯ ಕಂಬಿಗಳ ನಡುವಿನಿಂದ ಒಂದೊಂದೇ ಲೋಟವಾಗಿ ಹೊರಗೆ ಬಂತು. ಆಮೇಲೆ ಕೋಡುಬಳೆ ಬಂತು. ಆಟೋದವನಿಗೂ ಬಂತು. ಚೆಲುವಯ್ಯ ಖಾಲಿ ಲೋಟದ ಜೊತೆ ಪತ್ರಿಕೆಯನ್ನು ಒಳಗೆ ಚಾಚಿದಾಗ ಮಾತ್ರ ಕೆಂಪಾಜಮ್ಮ ಲೋಟ ತೆಗೆದುಕೊಂಡು ಕೈಯನ್ನು ಬೆಂಕಿ ಸೋಕಿದಂತೆ ಹಿಂದಕ್ಕೆ ಎಳೆದುಕೊಂಡಳು.

"ಇದ್ರಲ್ಲಿ ನೋಟೀಸು ಇಲ್ಲ ಕಣವ್ವ. ಬ್ಯಾಗ್ ಬೇಕಾರೆ ನೋಡ್ಕೊ," ಎಂದರು ಚೆಲುವಯ್ಯ. ಬ್ಯಾಗು ತೆರೆದು ತೋರಿಸಿದರು. ಅದರಲ್ಲಿ ಹೆಬ್ಬೆಟ್ಟಿನ ಶಾಯಿ, ಅಂಟಿನ ಡಬ್ಬಿ ಕಂಡದ್ದೇ ಆಕೆ ಕಿಟಕಿಯನ್ನೂ ಮುಚ್ಚಿಕೊಂಡಳು.

ರಾಚಮ್ಮ ಹುಟ್ಟಿದ ಮನೆಯ ಜಗಲಿಯ ಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಚೆಲುವಯ್ಯ ಬಾಗಿಲು ನೋಡುತ್ತ ನಿಂತರು. ಆಮೇಲೆ ಅವರ ಕೈಗಳು ತಮ್ಮಷ್ಟಕ್ಕೆ ಕೆಲಸ ಶುರು ಮಾಡಿದವು. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರು. ಡಬ್ಬಿ ತೆಗೆದು ಅಂಟು ಸವರಿದರು. ನನ್ನನ್ನೂ ಪಕ್ಕದ ಮನೆಯ ಮುದುಕಿಯನ್ನೂ ಸಾಕ್ಷಿಗೆ ನಿಲ್ಲಿಸಿದರು. ಮಗಳ ಲಗ್ನಪತ್ರಿಕೆಯನ್ನು ಬಾಮೈದನ ಬಾಗಿಲಿಗೆ ನೀಟಾಗಿ ಅಂಟಿಸಿ, ಹೊಸ್ತಿಲ ಮೇಲೆ ಎಲೆಅಡಿಕೆ ಅಕ್ಷತೆ ಇಟ್ಟರು. ಖಾಲಿ ಕವರಿನ ಹಿಂದೆ ಷರಾ ಬರೆದರು: "ಸೋದರಮಾವನವರು ಮನೆಯಲ್ಲಿ ಸಿಗಲಿಲ್ಲ. ಅವರ ಪತ್ನಿ ಕಾಫಿ ಕೊಟ್ಟರು, ಪತ್ರಿಕೆ ಮುಟ್ಟಲಿಲ್ಲ. ಬಾಗಿಲಿಗೆ ಅಂಟಿಸಿ ಕರೆಯಲಾಗಿದೆ." ಕೆಳಗೆ ನಾನು ಸಹಿ ಹಾಕಿದೆ, ಮುದುಕಿ ಹೆಬ್ಬೆಟ್ಟು ಒತ್ತಿದಳು.

"ಇದನ್ನ ಯಾವ ಕೋರ್ಟಿಗೆ ಒಪ್ಪಿಸ್ತೀರಿ?" ಎಂದು ಕೇಳಿದೆ.

"ಗೊತ್ತಿಲ್ಲ ಕಣವ್ವ," ಎಂದು ಕವರನ್ನು ಜೇಬಿನಲ್ಲಿ ಇಟ್ಟುಕೊಂಡರು.

ಮದುವೆಯ ದಿನ ಬಂತು. ಟಿ. ನರಸೀಪುರದ ಛತ್ರದಲ್ಲಿ ಜನಕ್ಕೇನೂ ಕೊರತೆಯಿರಲಿಲ್ಲ. ಮುಡುಕುತೊರೆಯ ಬೀಗರ ಕಡೆಯವರು ಎರಡು ಬಸ್ಸು ತುಂಬ ಬಂದಿದ್ದರು. ಆ ತಾಲ್ಲೂಕಿನಲ್ಲಿ ಚೆಲುವಯ್ಯನನ್ನು ಕಂಡು ಓಡಿದವರಿಲ್ಲ. ಹೆಣ್ಣಿನ ಅಪ್ಪ ಕೋರ್ಟಿನಲ್ಲಿದ್ದಾರೆ ಎಂದಷ್ಟೇ ಕೇಳಿ ಬಹಳ ಗೌರವದಿಂದ ಕೈ ಮುಗಿಯುತ್ತಿದ್ದರು. ತೀರಿಕೊಂಡ ಚಿಕ್ಕಬಸಪ್ಪನವರೂ ಮುಂದಿನ ಸಾಲಿನಲ್ಲಿ ಕುಳಿತು ಊಟದ ಹೊತ್ತು ವಿಚಾರಿಸುತ್ತಿದ್ದರು.

ಗಂಡು ಹಸೆಗೆ ಬಂದಾಯಿತು. ಐನೋರು ಹೆಣ್ಣನ್ನು ಕರೆತನ್ನಿ ಎಂದರು. ಒಳಕೋಣೆಯಲ್ಲಿ ಪಲ್ಲವಿ ಸಿಂಗಾರವಾಗಿ ನಿಂತಿದ್ದಳು. ಸೋದರಮಾವ ಎಲ್ಲಿ ಎಂದು ಯಾರೋ ಕೇಳಿದರು. ಇನ್ಯಾರೋ, ದೊಡ್ಡಪ್ಪನ ಮಗನೊಬ್ಬ ಇದ್ದಾನಲ್ಲ, ಅವನೇ ಎತ್ತಿಕೊಂಡು ಬರಲಿ ಎಂದರು. ಆ ಹುಡುಗ ಪಂಚೆ ಎತ್ತಿ ಕಟ್ಟಿಕೊಂಡ. ರಾಚಮ್ಮ ಗಂಡನ ಮುಖವನ್ನು ಒಂದು ಸಲ ನೋಡಿದಳು, ಅಷ್ಟೇ.

"ತಡೀರಿ," ಎಂದರು ಚೆಲುವಯ್ಯ. "ಕೂಗ್ದೆ ಏಕಪಕ್ಷೀಯ ಮಾಡಂಗಿಲ್ಲ."

ಬೀಗರಿಗೆ ಏನೂ ಅರ್ಥವಾಗಲಿಲ್ಲ. ಚೆಲುವಯ್ಯ ಜರಿ ಪೇಟ ಸರಿಮಾಡಿಕೊಂಡು ಛತ್ರದ ಬಾಗಿಲಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನಾದಸ್ವರದವನು ಗಾಬರಿಯಾಗಿ ನಿಲ್ಲಿಸಿದ.

"ಚಿಕ್ಕಮಾದು ಬಿನ್ ಮಾದಯ್ಯ," ಎಂದು ಕೂಗಿದರು. ಕೋರ್ಟ್ ಬಾಗಿಲಿನ ಅದೇ ಗಂಟಲು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ಬ್ರೇಕು ಹಾಕಿದ. ಉತ್ತರ ಬರಲಿಲ್ಲ.

"ಚಿಕ್ಕಮಾದು, ಸೋದರಮಾವ," ಎಂದರು ಎರಡನೆಯ ಸಲ. ಗಂಟಲು ಸ್ವಲ್ಪ ಇಳಿದಿತ್ತು.

ಮೂರನೆಯ ಸಲ ಅದು ಕೋರ್ಟಿನ ಕೂಗಾಗಿರಲಿಲ್ಲ. "ಲೇ ಮಾದ, ನನ್ನದೇ ತಪ್ಪು ಕಣ್ಲಾ. ನಿನ್ ಅಕ್ಕ ಒಳಗೆ ಕಾಯ್ತಾ ಅವ್ಳೆ. ಬಾರ್ಲಾ."

ಎದುರಿನ ಟೀ ಅಂಗಡಿಯ ಬೆಂಚಿನಿಂದ ಒಬ್ಬ ಎದ್ದು ನಿಂತ. ಹೊಸ ಪಂಚೆ, ಹೊಸ ಶಲ್ಯ, ಕೈಯಲ್ಲಿ ಸೀರೆಯ ಪೊಟ್ಟಣ, ಪಕ್ಕದಲ್ಲಿ ಮಡಿಲಕ್ಕಿ ಗಂಟು ಹಿಡಿದ ಕೆಂಪಾಜಮ್ಮ. ಟೀ ಅಂಗಡಿಯವನು ಆಮೇಲೆ ಹೇಳಿದ, ಅವರು ಬೆಳಕು ಹರಿದಾಗಿನಿಂದ ಅಲ್ಲೇ ಕುಳಿತಿದ್ದರಂತೆ.

"ಇಲ್ಲೇ ಇವ್ನಿ ಬಾವ," ಎಂದು ಚಿಕ್ಕಮಾದು ರಸ್ತೆ ದಾಟಿ ಬಂದ. "ಬಾಗ್ಲಿಗೆ ಅಂಟ್ಸಿದ್ರೆ ಕರ್ದಂಗಾ? ನಿನ್ ಬಾಯಲ್ಲಿ ಕರೀಲಿ ಅಂತ ಕಾದಿದ್ದೆ."

ರಾಚಮ್ಮ ತಮ್ಮನ ಬೆನ್ನಿಗೆ ಎರಡು ಗುದ್ದಿ ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ. ಪಲ್ಲವಿ ಚೆನ್ನಾಗಿ ಉಂಡು ಬೆಳೆದ ಹುಡುಗಿ. ಚಿಕ್ಕಮಾದು ಅವಳನ್ನು ಎತ್ತಿಕೊಂಡು ಹಸೆಮಣೆ ಮುಟ್ಟುವಷ್ಟರಲ್ಲಿ ಮುಖ ಕೆಂಪಗಾಗಿ, "ಟ್ರ್ಯಾಕ್ಟ್ರು ತರ್ಬೇಕಿತ್ತು," ಎಂದ. ಬೀಗರ ಕಡೆಯವರೆಲ್ಲ ನಕ್ಕರು. ಪಲ್ಲವಿ ಮಾವನ ಕಿವಿ ಹಿಂಡಿದಳು.

ಊಟವಾಯಿತು. ಬಾವ ಬಾಮೈದ ಅಕ್ಕಪಕ್ಕ ಕುಳಿತು ಉಂಡರು. ಕೈ ತೊಳೆದು ಬಂದು ಕುಳಿತ ಮೇಲೆ ಕೆಂಪಾಜಮ್ಮ ಎಲೆಅಡಿಕೆ ತಟ್ಟೆ ತಂದು ಇಬ್ಬರ ನಡುವೆ ಇಟ್ಟಳು. ಚಿಕ್ಕಮಾದು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು ಬಾವನ ಮುಂದೆ ಅಂಗೈ ಚಾಚಿದ.

"ಕೊಡು ಬಾವ."

"ಯಾನ?"

"ಅಪೀಲ್ ನೋಟೀಸು. ಊಟ ಆಯ್ತಲ್ಲ."

ಚೆಲುವಯ್ಯ ಜೇಬು ಮುಟ್ಟಿಕೊಂಡರು. ಅದರಲ್ಲಿ ಷರಾ ಬರೆದ ಖಾಲಿ ಕವರು ಬಿಟ್ಟರೆ ಏನೂ ಇರಲಿಲ್ಲ. "ನನ್ ತಾವ ಇಲ್ಲ ಕಣೋ. ನಿಂಗೆ ಬೇಜಾರಾಗದು ಬ್ಯಾಡ ಅಂತ ನಾಜರಿಗೆ ವಾಪಸ್ ಕೊಟ್ಬುಟ್ಟೆ. ಸೋಮ್ವಾರ ಬೇರೆ ಅಮೀನ ಬತ್ತಾನೆ."

ಚಿಕ್ಕಮಾದು ಅಗಿಯುವುದನ್ನು ನಿಲ್ಲಿಸಿದ. ನಿಜಕ್ಕೂ ನೊಂದವನಂತೆ ಬಾವನನ್ನು ನೋಡಿದ.

"ಯಾರೋ ಬೇರೆಯವ್ನು ಬಂದು ನಮ್ ಬಾಗ್ಲಲ್ಲಿ ನಿಂತು ಕೂಗ್ಬೇಕಾ? ಯಾಕೆ, ನಂಗೇನು ಬಾವ ಇಲ್ವಾ?"

ಸೋಮವಾರ ಕೋರ್ಟು ತೆರೆಯುವ ಹೊತ್ತಿಗೆ ಚೆಲುವಯ್ಯ ನಾಜರ್ ಕಚೇರಿಯ ಬಾಗಿಲಲ್ಲಿದ್ದರು. ನೋಟೀಸು ವಾಪಸ್ ಇಸಿದುಕೊಂಡು, ರಾಚಮ್ಮನನ್ನೂ ಕರೆದುಕೊಂಡು ಬಿಳಿಗೆರೆ ಬಸ್ಸು ಹತ್ತಿದರು. ಸಂಜೆ ಒಬ್ಬರೇ ನನ್ನ ಅಂಗಡಿಗೆ ಬಂದು ಕಾಗದ ತೋರಿಸಿದರು. "ಖುದ್ದು ಜಾರಿ ಮಾಡಲಾಗಿದೆ," ಎಂದು ಷರಾ, ಕೆಳಗೆ ಚಿಕ್ಕಮಾದುವಿನ ದಪ್ಪ ಅಕ್ಷರದ ಸಹಿ, ಅಂಚಿನಲ್ಲಿ ಸ್ವಲ್ಪ ಸುಣ್ಣದ ಕಲೆ.

"ರಾಚಮ್ಮ ಎಲ್ಲಿ?" ಎಂದು ಕೇಳಿದೆ.

"ಅವ್ಳು ಬರಲಿಲ್ಲ ಕಣವ್ವ," ಎಂದರು ಚೆಲುವಯ್ಯ, ಕಾಲು ಮುರಿದ ಕುರ್ಚಿಯಲ್ಲಿ ಹುಷಾರಾಗಿ ಕುಳಿತುಕೊಳ್ಳುತ್ತ. "ತವರ್ನಲ್ಲಿ ವಸಿ ದಿನ ಇದ್ದು ಬತ್ತಾಳಂತೆ."